ಅಜ್ಜಿಯದಲ್ಲದ ಹಸಿರು ಬಟ್ಟಲು

ಗಣೇಶನ ಹಬ್ಬದ ಊಟಕ್ಕೆಂದು ಅಮೆರಿಕದ ಪ್ಲೆಸೆಂಟನ್ನಿನಲ್ಲಿ ದೀಪಾಲಿಯ ಮನೆಯಲ್ಲಿ ಮೂವತ್ತು ಜನ ಸೇರಿದ್ದರು. ಅವರ ನಡುವೆ ಒಬ್ಬ ಹುಡುಗಿ ಕೋಸಂಬರಿಯ ಬಟ್ಟಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ಕತ್ತು ಹಿಂದಕ್ಕೆ ವಾಲಿಸಿ, ಅದರ ತಳವನ್ನು ನೋಡುತ್ತ ನಿಂತಿದ್ದಳು. ಬಸವಂತಪ್ಪನಿಗೆ ಮೊದಲು ಕಂಡದ್ದು ಅವಳ ಗದ್ದ. ಆಮೇಲೆ ಕಂಡದ್ದು ಅವಳ ಮೂಗಿನ ತುದಿಗೆ ಬಂದು ಕುಳಿತ ಒಂದು ಹೆಸರುಬೇಳೆ. ಹಿಂದೆ ಸಾಲಿನಲ್ಲಿದ್ದವರು ತಟ್ಟೆ ಹಿಡಿದು ಕಾಯುತ್ತಿದ್ದರೂ ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಆ ಹಸಿರು ಗಾಜಿನ ಬಟ್ಟಲು ಅವನದು. ಅವನದು ಅನ್ನುವುದಕ್ಕೆ ಬರೀ ಎರಡು ದಿನವಾಗಿತ್ತು. ಹಬ್ಬಕ್ಕೆ ಕೋಸಂಬರಿ ನಿನ್ನ ಪಾಲು ಎಂದು ಆಫೀಸಿನ ಗೆಳತಿ ದೀಪಾಲಿ ಹೇಳಿದಾಗ, ತನ್ನ ಅಡುಗೆಮನೆಯಲ್ಲಿ ಪ್ರೆಶರ್ ಕುಕ್ಕರಿನ ಹೊರತು ಜನರೆದುರು ಇಡುವಂಥ ಪಾತ್ರೆಯೇ ಇಲ್ಲವೆಂದು ಅವನಿಗೆ ಹೊಳೆದಿತ್ತು. ಜನ ಬಳಸಿ ಬಿಟ್ಟ ಸಾಮಾನು ಮಾರುವ ಯೂನಿಯನ್ ಸಿಟಿಯ ಥ್ರಿಫ್ಟ್ ಅಂಗಡಿಗೆ ಹೋಗಿ ಕಣ್ಣಿಗೆ ಚೆಂದ ಕಂಡದ್ದನ್ನು ತಂದಿದ್ದ. ಮೂರು ಸಲ ಸೋಪು, ಒಂದು ಸಲ ಹುಣಸೆಹಣ್ಣು ಹಾಕಿ ತಿಕ್ಕಿದ್ದ.

"ಇದು ಯಾರದು?" ಹುಡುಗಿ ಬಟ್ಟಲನ್ನು ಇಳಿಸಿ ಸುತ್ತ ನೋಡಿದಳು.

ನನ್ನದು ಎಂದ. ಎಲ್ಲಿ ಸಿಕ್ಕಿತು ಎಂದಳು. ಇಲ್ಲಿ ಬಸವಂತಪ್ಪ ನಿಜ ಹೇಳಬೇಕಿತ್ತು, ಹೇಳುವವನೂ ಇದ್ದ. ಆದರೆ ಅವಳ ಪಕ್ಕದಲ್ಲೇ ಜಲಜಾ ಆಂಟಿ ನಿಂತಿದ್ದರು. ಹೋದ ಯುಗಾದಿಯಲ್ಲಿ ಯಾರೋ ಥ್ರಿಫ್ಟ್ ಅಂಗಡಿಯ ತಟ್ಟೆಗಳಲ್ಲಿ ಹೋಳಿಗೆ ಬಡಿಸಿದ್ದು ತಿಳಿದು, ಯಾರ್ಯಾರೋ ಏನೇನೋ ತಿಂದು ಬಿಟ್ಟ ಮುಸುರೆಯಲ್ಲಿ ಹಬ್ಬದೂಟವೇ ಎಂದು ತಟ್ಟೆ ಕೆಳಗಿಟ್ಟು ಎದ್ದುಹೋದ ಜಲಜಾ ಆಂಟಿ. ಈಗ ಅವರ ತಟ್ಟೆಯಲ್ಲಿ ಅವನ ಕೋಸಂಬರಿಯೇ ಎರಡು ಸೌಟು ಇತ್ತು.

"ನಮ್ಮ ಅಜ್ಜೀದು," ಎಂದುಬಿಟ್ಟ.

ಹುಡುಗಿಯ ಕಣ್ಣು ಅರಳಿತು. ಇದು ಅಮೆರಿಕದಲ್ಲೇ ತಯಾರಾದದ್ದು, ತೊಂಬತ್ತು ವರ್ಷವಾದರೂ ಆಗಿರಬೇಕು, ನಿಮ್ಮ ಅಜ್ಜಿ ಯಾವೂರಿನವರು ಎಂದು ಕೇಳಿದಳು. ಗುಳೇದಗುಡ್ಡ ಎಂದ. ಅವಳು ಆ ಹೆಸರನ್ನು ಬಾಯಲ್ಲಿಟ್ಟು ರುಚಿ ನೋಡುವಂತೆ ಇನ್ನೊಮ್ಮೆ ಹೇಳಿಕೊಂಡು, ಅಮೆರಿಕದ ಬಟ್ಟಲು ಅಲ್ಲಿಗೆ ಹೋದದ್ದು ಹೇಗೆಂದಳು. ಊರಿನ ಮಿಷನ್ ಆಸ್ಪತ್ರೆಯಲ್ಲಿ ಒಬ್ಬ ಅಮೆರಿಕನ್ ಡಾಕ್ಟರಮ್ಮ ಇದ್ದಳು, ಊರು ಬಿಟ್ಟು ಹೋಗುವಾಗ ಅಜ್ಜಿಗೆ ಕೊಟ್ಟುಹೋದಳು ಎಂಬ ಉತ್ತರ ಅವನ ಬಾಯಿಂದ ತಾನಾಗಿ ಹೊರಟಿತು. ಬಸವಂತಪ್ಪನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರ ಕೋಡಿನಲ್ಲಿ ತೂತು ಹುಡುಕಿ ಸಂಬಳ ಪಡೆಯುವವನು ತನ್ನ ಸುಳ್ಳನ್ನು ಒಮ್ಮೆಯೂ ಟೆಸ್ಟ್ ಮಾಡದೆ ಬಿಟ್ಟ.

ಅವಳು ನಿಹಾರಿಕಾ. ಮೈಸೂರಿನವಳು, ವಾಲ್ನಟ್ ಕ್ರೀಕಿನಲ್ಲಿ ಫಾರ್ಮಸಿಸ್ಟು. ಹಳೆಯ ಅಲಂಕಾರದ ಗಾಜನ್ನು ಗುರುತಿಸುವುದು ಅವಳ ಹುಚ್ಚು. ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿನ ಒಂದು ಆಂಟಿಕ್ ಅಂಗಡಿಯ ಮೂಲೆಯಲ್ಲಿ ಟೇಬಲ್ ಹಾಕಿ ಕೂರುತ್ತಾಳೆ. ಜನ ತಮ್ಮ ಹೂದಾನಿ, ದೀಪದ ಬುರುಡೆ, ಗೊಂಬೆಗಳನ್ನು ತಂದರೆ ಯಾವ ಕಾಲದ್ದು, ಎಲ್ಲಿಯದು ಎಂದು ಹೇಳುತ್ತಾಳೆ. ಅಜ್ಜಿಯದು ಇನ್ನೇನಾದರೂ ಇದ್ದರೆ ತನ್ನಿ ಎಂದಳು.

"ನಿಮ್ಮ ಹೆಸರು?"

"ಬಸ್," ಎಂದ. ಆಫೀಸಿನಲ್ಲಿ ಎಲ್ಲರೂ ಕರೆಯುವುದು ಹಾಗೆಯೇ.

"ಪೂರ್ತಿ ಹೆಸರು ಹೇಳ್ರೀ."

ಹೇಳಿದ. ಅವಳು "ಬಸವಂತಪ್ಪ" ಎಂದಳು, ಐದಕ್ಷರವನ್ನೂ ಬಿಡದೆ. ಅವನಿಗೆ ಆ ಹೆಸರು ಅಜ್ಜನಿಂದ ಬಂದದ್ದು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಅಜ್ಜಿ ಬಂಗಾರೆವ್ವ ಮೊಮ್ಮಗನನ್ನು ಹುಟ್ಟಿದಂದಿನಿಂದ ತಮ್ಮಾ ಎಂದೇ ಕರೆಯುತ್ತಾಳೆ. ಮನೆಯವರಿಗೂ ಅದೇ ರೂಢಿಯಾಗಿ ಹೋಯಿತು. ಪೂರ್ತಿ ಹೆಸರಿನಿಂದ ಯಾರಾದರೂ ಕರೆದು ಎಷ್ಟೋ ವರ್ಷವಾಗಿತ್ತು. ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿತು. ಶನಿವಾರ ಬರುತ್ತೇನೆ ಎಂದ.

ಮಾತು ಕೊಟ್ಟಾಗಿತ್ತು, ಆದರೆ ಅಜ್ಜಿಯ ಗಾಜೆಲ್ಲಿದೆ? ಶುಕ್ರವಾರ ಸಂಜೆ ಆಫೀಸು ಬಿಟ್ಟವನು ನೆಟ್ಟಗೆ ಅದೇ ಥ್ರಿಫ್ಟ್ ಅಂಗಡಿಗೆ ಹೋದ.

ಹೀಗೆ ಶುರುವಾದದ್ದು ಆರು ಶನಿವಾರ ನಡೆಯಿತು. ಮೊದಲ ವಾರ ಗುಲಾಬಿ ಬಣ್ಣದ ಮೇಣದಬತ್ತಿಯ ಕಂಬ. ಎರಡನೆಯ ವಾರ, ಗೂಡಿನ ಮೇಲೆ ಕುಳಿತ ಬಿಳಿ ಗಾಜಿನ ಕೋಳಿ. ಕೋಳಿಯನ್ನು ಎತ್ತಿದರೆ ಕೆಳಗೆ ಡಬ್ಬಿ. ಮೊಟ್ಟೆಯ ಹೆಸರೆತ್ತಿದರೂ ಬಾಯಿ ತೊಳೆದುಕೊಳ್ಳುವ ಅಜ್ಜಿಯ ಮನೆಗೆ ಕೋಳಿ ಬಂದದ್ದು ಹೇಗೆ? ಡಾಕ್ಟರಮ್ಮನ ಉಡುಗೊರೆ, ಬೇಡವೆನ್ನಲು ಅಜ್ಜಿಗೆ ದಾಕ್ಷಿಣ್ಯ ಎಂದ. ನಿಹಾರಿಕಾ ತುಟಿ ಕಚ್ಚಿಕೊಂಡು ಕೋಳಿಯ ಬಾಲ ನೋಡತೊಡಗಿದಳು. ವಾರದಿಂದ ವಾರಕ್ಕೆ ಆ ಡಾಕ್ಟರಮ್ಮ ಬೆಳೆದಳು. ಅವಳಿಗೊಂದು ಸೈಕಲ್ಲು ಬಂತು, ಮೂರು ಬೆಕ್ಕು ಬಂದವು.

ಮೂರನೆಯ ಶನಿವಾರ ಅಂಗಡಿಯಲ್ಲಿ ಜನ ಕಡಿಮೆ. ಅವನು ತಂದಿದ್ದ ನೀಲಿ ಹೂದಾನಿಯನ್ನು ಅವಳು ಬಿಳಿ ಬಟ್ಟೆಯ ಮೇಲಿಟ್ಟು, ಕಣ್ಣು ಮುಚ್ಚಿಕೊಳ್ಳಿ ಎಂದಳು. ಮುಚ್ಚಿದ. ಅವನ ಹೆಬ್ಬೆರಳನ್ನು ಹಿಡಿದು ಉಗುರನ್ನು ಗಾಜಿನ ಮೈಮೇಲೆ ನಿಧಾನ ಎಳೆದಳು. ಒಂದು ಕಡೆ ಕೂದಲೆಳೆಯಷ್ಟು ಏಣು ತಾಗಿತು. ಎರಡು ಅಚ್ಚು ಕೂಡಿದ ಜಾಗ ಅದು, ಗಾಜನ್ನು ಅಚ್ಚಿಗೆ ಹಾಕಿ ತೆಗೆದದ್ದಕ್ಕೆ ಗುರುತು ಎಂದು ವಿವರಿಸಿದಳು. ಅವನಿಗೆ ಏಣಿನ ವಿಚಾರ ಅಷ್ಟೇನೂ ತಲೆಗೆ ಹೋಗಲಿಲ್ಲ. ಅವಳ ಬೆರಳು ತಣ್ಣಗಿತ್ತು, ಒಳ್ಳೆಯ ಸೋಪಿನ ವಾಸನೆ ಬರುತ್ತಿತ್ತು, ಅವಳಿನ್ನೂ ಕೈ ಬಿಟ್ಟಿರಲಿಲ್ಲ.

"ಈಗ ತಳ ಮುಟ್ಟಿ ನೋಡಿ. ಗಾಜಿನ ವಯಸ್ಸು ಹೊಳಪಲ್ಲಿರಲ್ಲ ಬಸವಂತಪ್ಪ, ತಳದಲ್ಲಿರುತ್ತೆ. ಎಷ್ಟೋ ವರ್ಷ ಎತ್ತಿ ಇಟ್ಟು, ಎತ್ತಿ ಇಟ್ಟು, ಸಣ್ಣ ಸಣ್ಣ ಗೀರು ಬಿದ್ದಿರುತ್ತೆ. ಅದನ್ನ ಸುಳ್ಳುಸುಳ್ಳಾಗಿ ಮಾಡೋದು ಕಷ್ಟ."

ಸುಳ್ಳು ಎಂಬ ಪದ ಕಿವಿಗೆ ಬಿದ್ದದ್ದೇ ಅವನು ಕಣ್ಣು ಬಿಟ್ಟ. ಅವಳು ಅವನನ್ನೇ ನೋಡುತ್ತಿದ್ದಳು. ಇಬ್ಬರೂ ಒಟ್ಟಿಗೇ ಹೂದಾನಿಯತ್ತ ತಿರುಗಿದರು.

ಐದನೆಯ ವಾರ ಒಬ್ಬ ಹಿರಿಯರು ಒಂದು ದೊಡ್ಡ ಕೆಂಪು ಗಾಜಿನ ಹೂಜಿ ತಂದರು. ಅರಮನೆಯೊಂದರ ಹರಾಜಿನಲ್ಲಿ ತಂದೆ ಕೊಂಡದ್ದಂತೆ. ನಿಹಾರಿಕಾ ಹತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿ, ಇದು ಇಪ್ಪತ್ತು ವರ್ಷದ ಈಚಿನದು ಎಂದು ಮೆತ್ತಗೆ ಹೇಳಿದಳು. ಅವರು ಸಿಟ್ಟಾದರು, ನಿನಗೇನು ಗೊತ್ತು ಎಂದರು. ಅವಳು ದನಿ ಏರಿಸಲಿಲ್ಲ, ಮಾತು ಬದಲಿಸಲೂ ಇಲ್ಲ. ಅವರು ಹೋದ ಮೇಲೆ ಅವಳ ಮುಖ ಸಣ್ಣಗಾಗಿತ್ತು.

"ಒಂದು ಸುಳ್ಳು ಹೇಳಿದ್ರೆ ಪಾಪ ಖುಷಿಯಾಗಿ ಹೋಗ್ತಿದ್ರು," ಎಂದಳು. "ಆದ್ರೆ ನಾಳೆ ನಾನು ನಿಜ ಹೇಳಿದ್ರೂ ಯಾರೂ ನಂಬಲ್ಲ. ಇರೋದು ಅದೊಂದೇ ನನ್ನ ಹತ್ರ."

ಬಸವಂತಪ್ಪ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟ. ಅವಳನ್ನು ತಾನು ಪ್ರೀತಿಸುತ್ತಿದ್ದೇನೆಂದು ಅವನಿಗೆ ಖಾತ್ರಿಯಾದದ್ದು ಆ ಕ್ಷಣದಲ್ಲೇ, ಅವಳನ್ನು ಕಳೆದುಕೊಳ್ಳುವುದೂ ಖಾತ್ರಿಯೆಂದು ತಿಳಿದದ್ದೂ ಆಗಲೇ. ನಿಜ ಹೇಳಿದರೆ ನಾಳೆಯಿಂದ ಶನಿವಾರವಿಲ್ಲ. ಹೇಳದಿದ್ದರೆ ಸುಳ್ಳುಗಾರನಾಗಿ ಅವಳೆದುರು ಕೂತಿರಬೇಕು. ಮನೆಗೆ ಹೋಗುವ ದಾರಿಯಲ್ಲಿ ಫ್ರೀವೇ ತುಂಬ ನಿಜ ಹೇಳುವ ಅಭ್ಯಾಸ ಮಾಡಿದ. ಕಾರಿನಲ್ಲಿ ಮಾತ್ರ ಬಹಳ ಚೆನ್ನಾಗಿ ಬಂತು.

ಆರನೆಯ ವಾರ ಹೇಳಲೇಬೇಕೆಂದು ಹೋದರೆ, ಅವಳೇ ಮೊದಲು ಸುದ್ದಿ ಹೇಳಿದಳು. ನವೆಂಬರಿನಲ್ಲಿ ಅವಳ ಗಾಜಿನ ಕ್ಲಬ್ಬಿನವರು ವಾಲ್ನಟ್ ಕ್ರೀಕಿನಲ್ಲಿ ಪ್ರದರ್ಶನ ಮಾಡುತ್ತಾರಂತೆ. ಒಂದು ಟೇಬಲ್ ಅವಳದು. ಅದರ ಮೇಲೆ ಅವನು ಇಷ್ಟು ದಿನ ತಂದ ಏಳೂ ವಸ್ತುಗಳನ್ನು ಇಡಬೇಕೆಂದಿದ್ದಾಳೆ. ಜೊತೆಗಿಡುವ ಬರಹದ ಕೆಳಗೆ ಅವಳದೇ ಹೆಸರು.

"ಇವುಗಳ ಕಥೆ ನಾನು ಬರೆದು ಹಾಕಬೇಕು. ತಪ್ಪಿದ್ರೆ ಈಗಲೇ ಹೇಳಿ," ಎಂದು ಅವನ ಮುಖವನ್ನೇ ನೋಡಿದಳು.

ಅವನ ಬಾಯಿ ತೆರೆಯಿತು. ಹೊರಬಂದದ್ದು ಬೇರೆಯೇ. ಅಜ್ಜಿ ಗುರುವಾರ ಬರುತ್ತಿದ್ದಾಳೆ, ಆರು ತಿಂಗಳು ಇರುತ್ತಾಳೆ ಎಂದ. ಹಾಗಾದರೆ ಭಾನುವಾರ ಬಂದು ಅವರನ್ನೇ ಕೇಳುತ್ತೇನೆ ಎಂದಳು ನಿಹಾರಿಕಾ.

ಬಂಗಾರೆವ್ವ ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಒಬ್ಬಳೇ ಎರಡು ವಿಮಾನ ಬದಲಿಸಿ ಬಂದಿಳಿದಳು. ಒಂದೇ ಥರದ ನೂರು ಕಪ್ಪು ಸೂಟ್‌ಕೇಸುಗಳು ಸುತ್ತಿ ಬರುತ್ತಿದ್ದರೂ ತನ್ನದನ್ನು ದೂರದಿಂದಲೇ ಬೆರಳು ಮಾಡಿ ತೋರಿಸಿದಳು. ಹಿಡಿಕೆಗೆ ಬಣ್ಣಬಣ್ಣದ ಮಣಿಯ ಪಟ್ಟಿಯೊಂದನ್ನು ಕಟ್ಟಿದ್ದಳು. ಬಸವಂತಪ್ಪ ಅದನ್ನು ಎತ್ತಿ ಗಾಡಿಗೆ ಹಾಕಿದ. ಅವನ ತಲೆಯಲ್ಲಿ ಭಾನುವಾರವೇ ಇತ್ತು.

ಮರುದಿನ ಅಜ್ಜಿಗೆ ಎಲ್ಲ ಹೇಳಿಕೊಂಡ. ಅವಳು ಸೆರಗು ಬಾಯಿಗೊತ್ತಿ ನಕ್ಕಳು.

"ಸುಳ್ಳ ಹೇಳೂದು ಹೇಳಿದಿ, ಆ ಡಾಕ್ಟರಬಾಯಿಗೆ ಒಂದು ಹೆಸರರೆ ಇಡಬೇಕಿಲ್ಲೋ ತಮ್ಮಾ? ಆ ಹುಡುಗಿ ಕೇಳಿದರ ನಾ ಏನಂತ ಹೇಳ್ಲಿ?"

ನೀನೇನೂ ಹೇಳಬೇಡ, ನಾನೇ ನಿಜ ಹೇಳುತ್ತೇನೆ ಎಂದ. ಅಜ್ಜಿಗೆ ಅವನ ಮೇಲೆ ನಂಬಿಕೆಯಿರಲಿಲ್ಲ. ಮೂವತ್ನಾಲ್ಕು ವರ್ಷದಿಂದ ಅವನನ್ನು ಬಲ್ಲವಳು.

ಭಾನುವಾರ ಮಧ್ಯಾಹ್ನ ನಿಹಾರಿಕಾ ಬಂದಳು. ಗಿಳಿಹಸಿರು ಕುರ್ತಾ, ಹೆಗಲಿಗೆ ಭೂತಗನ್ನಡಿಯ ಚೀಲ. ಅಜ್ಜಿಯ ಕಾಲು ಮುಟ್ಟಿ ನಮಸ್ಕರಿಸಿದಳು. ಬಾರವಾ, ಕೂಡು ಎಂದು ಅಜ್ಜಿ ಪಕ್ಕದಲ್ಲೇ ಜಾಗ ಮಾಡಿದಳು. ಬಸವಂತಪ್ಪ ಹಸಿರು ಬಟ್ಟಲಿನಲ್ಲಿ ಚಕ್ಕುಲಿ ಹಾಕಿ, ಚಹಾದ ಜೊತೆ ತಂದಿಟ್ಟ. ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಿಹಾರಿಕಾ ಅಜ್ಜಿಯತ್ತ ತಿರುಗಿ, ಈ ಬಟ್ಟಲು ಕೊಟ್ಟ ಡಾಕ್ಟರಮ್ಮ ಹೇಗಿದ್ದರು ಎಂದು ಕೇಳಿಯೇಬಿಟ್ಟಳು.

"ಆಕಿ ಭಾಳ ಚಲೋ ಹೆಣಮಗಳವಾ," ಎಂದು ಅಜ್ಜಿ ಶುರುಮಾಡಿದಳು. ಡಾಕ್ಟರಬಾಯಿ ತನ್ನ ಜೊತೆ ಕೂತು ಶೇಂಗಾ ಹೋಳಿಗೆ ಮಾಡುತ್ತಿದ್ದಳಂತೆ. ರೊಟ್ಟಿ ಬಡಿಯುವುದರಲ್ಲಿ ಊರಿಗೇ ಮುಂದಂತೆ. ಹೋಗುವ ದಿನ ಬಸ್ ಸ್ಟ್ಯಾಂಡಿನಲ್ಲಿ ತಬ್ಬಿಕೊಂಡು ಅತ್ತಳಂತೆ. ಹೇಳುತ್ತ ಹೇಳುತ್ತ ಅಜ್ಜಿ ಒಂದು ಸಲ ಕಣ್ಣು ಕೂಡ ಒರೆಸಿಕೊಂಡಳು.

ಬಸವಂತಪ್ಪನಿಗೆ ಮೊದಲು ನಗು ಬಂತು, ಆಮೇಲೆ ಸಂಕಟ ತಡೆಯಲಾಗಲಿಲ್ಲ. ಸೋಮವಾರ ಒಪ್ಪತ್ತು ಬಿಡದವಳು, ಲಿಂಗಪೂಜೆಯಾಗದೆ ನೀರು ಕುಡಿಯದವಳು, ಈ ವಯಸ್ಸಿನಲ್ಲಿ ತನಗಾಗಿ ಕೂತು ಸುಳ್ಳು ಪೋಣಿಸುತ್ತಿದ್ದಾಳೆ.

"ಸಾಕ ಬಿಡಜ್ಜಿ," ಎಂದ. "ನಿಹಾರಿಕಾ, ಡಾಕ್ಟರಮ್ಮ ಯಾರೂ ಇಲ್ಲ. ಈ ಏಳೂ ನಾನು ಇಲ್ಲೇ ಥ್ರಿಫ್ಟ್ ಅಂಗಡೀಲಿ ತಗೊಂಡಿದ್ದು. ಒಂದೂ ಅಜ್ಜೀದಲ್ಲ. ಅವಳಿಗೆ ಸುಳ್ಳು ಹೇಳೋ ಹಾಗೆ ಮಾಡಿದ್ದೂ ನಾನೇ."

ಚಕ್ಕುಲಿ ಮುರಿಯುತ್ತಿದ್ದ ಅವಳ ಕೈ ನಿಂತಿತು. "ಯಾಕೆ?"

"ಬಟ್ಟಲು ಜಲಜಾ ಆಂಟಿಗೆ ಹೆದರಿ. ಉಳಿದ ಆರು ನಿಮಗೆ ತೋರಿಸೋಕಲ್ಲ. ನೀವು ಗಾಜು ನೋಡ್ತೀರಲ್ಲ, ಅದನ್ನ ನೋಡೋಕೆ. ನೀವಂದ್ರೆ ನನಗೆ ತುಂಬಾ ಇಷ್ಟ ನಿಹಾರಿಕಾ. ಇದನ್ನ ಮೊದಲನೇ ಶನಿವಾರಾನೇ ಹೇಳಿದ್ರೆ ಮುಗೀತಿತ್ತು."

ಅವಳು ಮುರಿದ ಚಕ್ಕುಲಿಯನ್ನು ಕೆಳಗಿಟ್ಟಳು. ಬಟ್ಟಲನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಚೀಲ ಹೆಗಲಿಗೇರಿಸಿ ಎದ್ದು ಬಾಗಿಲ ಕಡೆ ನಡೆದಳು. ಮುಗಿಯಿತು ಎಂದುಕೊಂಡ.

ಬಾಗಿಲ ಬಳಿ ಚಪ್ಪಲಿ ಹುಡುಕಲು ಬಗ್ಗಿದವಳು ಬಗ್ಗಿದಲ್ಲೇ ನಿಂತಳು. ಪಕ್ಕದಲ್ಲಿ ಅಜ್ಜಿಯ ಸೂಟ್‌ಕೇಸಿತ್ತು. ನಿಧಾನವಾಗಿ ಅದರೆದುರು ಮಂಡಿಯೂರಿ ಕೂತಳು.

"ಅಜ್ಜಿ, ಇದನ್ನ ಇಲ್ಲಿ ಕಟ್ಟಿದ್ದು ಯಾರು?"

"ನಾನವಾ. ಏರೋಪ್ಲೇನಿನ್ಯಾಗ ಎಲ್ಲಾರ ಪೆಟಗೀನೂ ಒಂದ ನಮೂನಿ ಇರ್ತಾವ. ಗುರತ ಸಿಗಬೇಕಲ್ಲ."

ನಿಹಾರಿಕಾ ಭೂತಗನ್ನಡಿ ತೆಗೆದು ಹಿಡಿಕೆಯ ಮೇಲೆ ಬಗ್ಗಿದಳು. ಸಾಸಿವೆಯಷ್ಟು ಸಣ್ಣ ಗಾಜಿನ ಮಣಿಗಳು, ಬೆಣ್ಣೆಯ ಹಳದಿ, ನೀಲಿ, ಕೆಂಪು. ನಡುವೆ ಒಂದು ಗಿಳಿಯ ಅರ್ಧ ಮೈ. ಒಂದು ಮಣಿಯಂತೆ ಇನ್ನೊಂದಿರಲಿಲ್ಲ. ಬಸವಂತಪ್ಪ ಆರು ವಾರ ಅವಳ ಮುಖ ನೋಡಿದವನು. ಅದು ಹೀಗೆ ಹೊಳೆದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ತನ್ನ ಗತಿಯೇನೆಂಬುದನ್ನು ಮರೆತು ಅವನೂ ಹೋಗಿ ಪಕ್ಕದಲ್ಲಿ ಕೂತ.

ಖಚಿತವಾಗಿ ಹೇಳಲು ಇನ್ನೂ ನೋಡಬೇಕು ಎಂದಳು. ಯುರೋಪಿನ ಮಣಿ, ಬೊಹೀಮಿಯಾದ ಕಡೆಯದಿರಬಹುದು, ನೂರು ವರ್ಷದ ಹತ್ತಿರ ಆಗಿರಬೇಕು. ಅಜ್ಜಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಬಳೆಗಾರ ಮುಂಬೈಯಿಂದ ಮಣಿ ತಂದು ಅವಳ ಅವ್ವನಿಗೆ ಕೊಡುತ್ತಿದ್ದನಂತೆ. ಅವ್ವ ತನ್ನದೇ ಮದುವೆಗೆಂದು ಪೋಣಿಸಿದ ಬಾಗಿಲ ತೋರಣ ಅದು, ಆಮೇಲೆ ಇವಳ ಜೊತೆ ಗಂಡನ ಮನೆಗೆ ಬಂತು. ದಾರ ಇಲಿ ಕಡಿದು ಉಳಿದದ್ದು ಇಷ್ಟೇ.

"ಚೆಲ್ಲಾಕ ಮನಸ ಬರಲಿಲ್ಲವಾ. ಹಿಂಗರೆ ಕೆಲಸಕ್ಕ ಬರ್ಲಿ ಅಂತ ಕಟ್ಟಿದೆ."

ನಿಹಾರಿಕಾ ಮಣಿಪಟ್ಟಿಯನ್ನು ಬಿಚ್ಚಲು ಅಜ್ಜಿಯ ಅಪ್ಪಣೆ ಕೇಳಿ, ಗಂಟು ಸಡಿಲಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿದಳು. ಆಮೇಲೆ ಕೂತಲ್ಲಿಂದಲೇ ಅವನತ್ತ ತಿರುಗಿದಳು.

"ಆ ಬಟ್ಟಲಿನ ವಿಷಯ ನನಗೆ ಹಬ್ಬದ ದಿನಾನೇ ಗೊತ್ತಿತ್ತು. ತಳದಲ್ಲಿ ಯೂನಿಯನ್ ಸಿಟಿಯ ಥ್ರಿಫ್ಟ್ ಅಂಗಡಿಯವರು ಮೇಣದ ಪೆನ್ಸಿಲಲ್ಲಿ ಬರೆದ ಬೆಲೆಯ ಗುರುತು ಹಾಗೇ ಇತ್ತು, ಉಳಿದ ಆರರಲ್ಲೂ ಅದೇ. ಅಷ್ಟು ಹೊಳೆಯೋ ಹಾಗೆ ತೊಳೆದವರು ಒಂದ್ಸಲ ತಿರುಗಿಸಿ ನೋಡಬಾರದಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಾ ಅಂತ ಕಾದೆ. ಪ್ರದರ್ಶನ ಅಂದಾಗಲಾದ್ರೂ ಹೇಳ್ತೀರಾ ಅಂದ್ಕೊಂಡೆ. ಇವತ್ತೂ ಹೇಳದೇ ಇದ್ದಿದ್ರೆ ಮುಂದಿನ ಶನಿವಾರದಿಂದ ನಿಮ್ಮ ಪಾಲಿಗೆ ಅಂಗಡಿಯ ಆ ಟೇಬಲ್ ಇರ್ತಿರಲಿಲ್ಲ." ಇದನ್ನು ಹೇಳುವಾಗ ಅವಳ ಮುಖದಲ್ಲಿ ತಮಾಷೆಯಿರಲಿಲ್ಲ. ಎಲ್ಲ ಎಷ್ಟು ಸ್ವಲ್ಪದರಲ್ಲಿ ಕೈತಪ್ಪಿಹೋಗುತ್ತಿತ್ತೆಂದು ಅವನಿಗೆ ಅರ್ಥವಾಯಿತು.

ಅವಳು ಚೀಲದಿಂದ ಒಂದು ಕಾರ್ಡು ತೆಗೆದು ಅವನ ಕೈಗಿಟ್ಟಳು. ಟೇಬಲ್ಲಿನ ಮೇಲಿಡಲು ಹೋದ ವಾರವೇ ಪ್ರಿಂಟ್ ಮಾಡಿಸಿದ್ದು. ಏಳು ವಸ್ತುಗಳು, ಯೂನಿಯನ್ ಸಿಟಿಯ ಥ್ರಿಫ್ಟ್ ಅಂಗಡಿಯಿಂದ ಕೊಂಡದ್ದು ಎಂದಿತ್ತು. ಸಂಗ್ರಹಿಸಿದವರು ಬಸವಂತಪ್ಪ, ಗಾಜಿನ ಬಗ್ಗೆ ಏನೂ ತಿಳಿಯದವರು ಎಂದಿತ್ತು. ಸಂಗ್ರಹದ ಉದ್ದೇಶ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದಳು.

ಪೆನ್ನನ್ನೂ ಅವಳೇ ಕೊಟ್ಟಳು. ಅವನು ತುಸು ಯೋಚಿಸಿ, ಶನಿವಾರಗಳು ಎಂದು ಬರೆದ. ಅವಳು ಓದಿದಳು. ಕಿವಿಯ ತುದಿ ಕೆಂಪಾಯಿತು. ಆರಿಹೋದ ಚಹಾ ಯಾರು ಕುಡಿಯುತ್ತಾರೆ, ಇನ್ನೊಮ್ಮೆ ಮಾಡಿ ಎಂದು ಅವನನ್ನು ಅಡುಗೆಮನೆಗೆ ಅಟ್ಟಿದಳು.

ಪ್ರದರ್ಶನದ ದಿನ ಅವಳ ಟೇಬಲ್ಲಿನ ಮೇಲೆ ಏಳು ವಸ್ತುಗಳ ನಡುವೆ ಕಪ್ಪು ಮಖಮಲ್ಲಿನ ಮೇಲೆ ಅಜ್ಜಿಯ ಮಣಿಪಟ್ಟಿಯಿತ್ತು, ಅದಕ್ಕೊಂದು ಬೇರೆಯೇ ಕಾರ್ಡು. ಬಂಗಾರೆವ್ವ ಇಳಕಲ್ ಸೀರೆಯುಟ್ಟು ಪಕ್ಕದ ಕುರ್ಚಿಯಲ್ಲಿ ಕೂತು, ಬಂದವರಿಗೆಲ್ಲ ತನ್ನ ಕನ್ನಡದಲ್ಲೇ ಬಳೆಗಾರನ ಕಥೆ ಹೇಳುತ್ತಿದ್ದಳು. ದೀಪಾಲಿಯ ಜೊತೆ ಜಲಜಾ ಆಂಟಿಯೂ ಬಂದರು. ಕಾರ್ಡನ್ನು ಓದಿದರು, ಹಸಿರು ಬಟ್ಟಲನ್ನು ನೋಡಿದರು, ಬಸವಂತಪ್ಪನನ್ನು ನೋಡಿದರು. ಅವನು ತಲೆ ತಗ್ಗಿಸಿದ. ಕೋಸಂಬರಿಗೆ ಇನ್ನಷ್ಟು ನಿಂಬೆರಸ ಬೇಕಿತ್ತು ಎಂದಷ್ಟೇ ಹೇಳಿ ಅವರು ಮುಂದೆ ಹೋದರು.

ಜನ ಸ್ವಲ್ಪ ಕರಗಿದಾಗ ಅಜ್ಜಿ ನಿಹಾರಿಕಾಳನ್ನು ಕರೆದು, ಇಂಗ್ಲಿಷಿನ ಆ ಕಾರ್ಡಿನಲ್ಲಿ ಏನು ಬರೆದಿದೆ ಓದವಾ ಎಂದಳು. ಅವಳು ಕನ್ನಡದಲ್ಲಿ ಹೇಳುತ್ತ ಹೋದಳು. ಬಸವಂತಪ್ಪ ಎಂಬ ಹೆಸರು ಬಂದೊಡನೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗಂಡನ ಹೆಸರನ್ನು ಇಷ್ಟು ಜನರ ನಡುವೆ, ಇಷ್ಟು ಸಲೀಸಾಗಿ ಒಬ್ಬ ಹುಡುಗಿ ಹೇಳಿದ್ದು ಅವಳಿಗೆ ನಾಚಿಕೆಯನ್ನೂ ನಗುವನ್ನೂ ಒಟ್ಟಿಗೇ ತಂದಿತು. ನಮ್ಮಲ್ಲಿ ಲಗ್ನವಾದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲವೆಂದು ವಿವರಿಸಿದಳು. ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ.

"ನಾಳೆ ನೀ ಏನಂತ ಕರೀತಿ ನಮ್ಮ ತಮ್ಮನ್ನ?"

ಹಿಂದೆ ದೀಪದ ಸ್ಟ್ಯಾಂಡು ಹಿಡಿದು ನಿಂತಿದ್ದ ಬಸವಂತಪ್ಪನಿಗೂ ಅದು ಕೇಳಿಸಿತು. ನಿಹಾರಿಕಾ ಗಿಳಿಯ ಮಣಿಗಳನ್ನು ಬೆರಳಿನಿಂದ ಒಂದಿಷ್ಟು ನೇರ ಮಾಡಿದಳು. ಬೇಕಿಲ್ಲದಿದ್ದರೂ ಇನ್ನೊಮ್ಮೆ ನೇರ ಮಾಡಿದಳು.

"ನಾನು ಹೆಸರು ಹಿಡಿದೇ ಕರೆಯೋದು ಅಜ್ಜಿ," ಎಂದಳು. "ಮದುವೆ ಆದ್ಮೇಲೂ."

ಅಜ್ಜಿ ಅವಳ ಗಲ್ಲ ಹಿಡಿದು ನೆಟಿಗೆ ಮುರಿದಳು. ನಿಹಾರಿಕಾ ತಿರುಗಲೇ ಇಲ್ಲ. ಬಗ್ಗಿದ ಕತ್ತು ಕೆಂಪಾಗಿತ್ತು.

"ಬಸವಂತಪ್ಪ, ಆ ಲೈಟು ಸ್ವಲ್ಪ ಈ ಕಡೆ ಸರಿಸಿ. ಅಜ್ಜಿಯ ಮಣಿ ಸರಿಯಾಗಿ ಕಾಣ್ತಿಲ್ಲ."

ಅವನು ಸರಿಸಿದ. ಬೆಳಕು ಮೊದಲು ಕೋಳಿಯ ಮೇಲೆ ಬಿತ್ತು, ಆಮೇಲೆ ಸರಿಯಾದ ಜಾಗಕ್ಕೆ ಬಂತು.